ಪ್ರೋಟಾನ್ ಪಂಪಿನ ಜೀನ್ ಪರೀಕ್ಷೆ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು?

ಡಿಸ್ಟಲ್ ಆರ್‌ಟಿಎ (ರೀನಲ್ ಟ್ಯೂಬ್ಯುಲಾರ್ ಅಸಿಡೋಸಿಸ್), ಅಂದರೆ ದೇಹದ ಆಮ್ಲವನ್ನು ಮೂತ್ರಕ್ಕೆ ಹೊರಹಾಕಲಾಗದ ಕಿಡ್ನಿ ಕಾಯಿಲೆ ಇರುವ ಮಗುವಿಗೆ ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮುಗಿದ ಮೇಲೆ ವೈದ್ಯರು ಜೀನ್ ಪರೀಕ್ಷೆಯ ಚೀಟಿಯನ್ನೂ ಬರೆದುಕೊಡುವುದು ಈಚೆಗೆ ಸಾಮಾನ್ಯವಾಗುತ್ತಿದೆ. ನನ್ನ ತಂಗಿಯ ಮಗಳಿಗೆ ಅಂಥ ಪರೀಕ್ಷೆಯನ್ನು ಬೆಂಗಳೂರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಿದೆವು. ರಕ್ತ ಕೊಟ್ಟ ದಿನದಿಂದ ಕೌನ್ಸೆಲಿಂಗ್ ಮುಗಿಯುವವರೆಗೆ ಆ ಸೇವೆ ಹೇಗಿತ್ತು, ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತೆತ್ತ ಹಣಕ್ಕೆ ಪ್ರತಿಯಾಗಿ ಮಗುವಿನ ಆರೈಕೆಯಲ್ಲಿ ಏನು ಬದಲಾಯಿತು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಪ್ರಯೋಗಾಲಯದ ಹೆಸರನ್ನು ಹಾಕಿಲ್ಲ. ನಮ್ಮ ಆಕ್ಷೇಪಗಳಲ್ಲಿ ಹೆಚ್ಚಿನವು ಈ ಬಗೆಯ ಯಾವುದೇ ಸೇವೆಯನ್ನು ಕೊಳ್ಳುವವರು ಮೊದಲೇ ಕೇಳಿ ತಿಳಿಯಬಹುದಾದ ಸಂಗತಿಗಳು.

ಈ ಪರೀಕ್ಷೆ ಹುಡುಕುವುದೇನನ್ನು ಎಂಬುದು ತಿಳಿಯದಿದ್ದರೆ ವರದಿಯ ಬೆಲೆಯೂ ತಿಳಿಯುವುದಿಲ್ಲವಾದ್ದರಿಂದ ಮೊದಲು ಅದನ್ನು ಹೇಳಬೇಕು. ನಾವು ತಿನ್ನುವ ಆಹಾರದಿಂದ ದೇಹದಲ್ಲಿ ದಿನವೂ ಆಮ್ಲ ಹುಟ್ಟುತ್ತದೆ; ದೊಡ್ಡವರಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಮಿಲಿಈಕ್ವಿವಲೆಂಟ್, ಎಲುಬು ಬೆಳೆಯುತ್ತಿರುವ ಮಕ್ಕಳಲ್ಲಿ ಅದಕ್ಕಿಂತ ಎರಡು ಮೂರು ಪಟ್ಟು. ಈ ಆಮ್ಲವನ್ನು ಹೊರಹಾಕುವ ಕೊನೆಯ ಹಂತದ ಕೆಲಸ ಕಿಡ್ನಿಯ ಸಂಗ್ರಾಹಕ ನಾಳಗಳಲ್ಲಿರುವ ಆಲ್ಫಾ ಇಂಟರ್‌ಕೆಲೇಟೆಡ್ ಎಂಬ ಜೀವಕೋಶಗಳದು. ಆ ಕೋಶಗಳ ಪೊರೆಯಲ್ಲಿ, ಆಮ್ಲದ ಕಣಗಳಾದ ಪ್ರೋಟಾನುಗಳನ್ನು ಹೊರತಳ್ಳುವ ವಿ-ಎಟಿಪೇಸ್ ಎಂಬ ಪ್ರೋಟಾನ್ ಪಂಪು ಇದೆ. ಇದು ಹಲವು ಪ್ರೋಟೀನುಗಳು ಕೂಡಿ ಆದ ಎರಡು ಭಾಗಗಳ ಯಂತ್ರ: ಕೋಶದ ಒಳಮುಖಕ್ಕಿರುವ ವಿ1 ಭಾಗವು ಎಟಿಪಿ ಅಣುವನ್ನು ಒಡೆದು ಶಕ್ತಿ ಪಡೆಯುತ್ತದೆ, ಆ ಶಕ್ತಿಯಿಂದ ನಡುಗಂಬವು ಗಾಣದಂತೆ ತಿರುಗುತ್ತದೆ, ಅದರೊಂದಿಗೆ ಪೊರೆಯೊಳಗಿನ ವಿ0 ಭಾಗದ ಉಂಗುರವೂ ತಿರುಗಿ ಪ್ರೋಟಾನುಗಳನ್ನು ಒಂದೊಂದಾಗಿ ಮೂತ್ರದ ಕಡೆಗೆ ದಾಟಿಸುತ್ತದೆ. ಆರೋಗ್ಯವಂತರ ಕಿಡ್ನಿ ಅಗತ್ಯ ಬಿದ್ದಾಗ ಮೂತ್ರದ ಪಿಎಚ್ ಅನ್ನು (ಇದು ಇಳಿದಷ್ಟೂ ಆಮ್ಲ ಹೆಚ್ಚು) 4.5ರವರೆಗೂ ಇಳಿಸಬಲ್ಲದು, ರಕ್ತದ ಪಿಎಚ್ 7.4 ಎಂದು ಹಿಡಿದರೆ ಮೂತ್ರದಲ್ಲಿ ಪ್ರೋಟಾನುಗಳ ಸಾಂದ್ರತೆ ರಕ್ತಕ್ಕಿಂತ ಸುಮಾರು 800 ಪಟ್ಟು ಹೆಚ್ಚಾದಂತಾಯಿತು. ಇಷ್ಟು ಕಡಿದಾದ ಏರಿಗೆ ಎದುರಾಗಿ ತಳ್ಳುವ ಪಂಪು ಕೆಟ್ಟರೆ ಆಮ್ಲ ರಕ್ತದಲ್ಲೇ ಉಳಿಯುತ್ತದೆ.

ಉಳಿದ ಆಮ್ಲವನ್ನು ತಣಿಸಲು ದೇಹ ಎಲುಬಿನಿಂದ ಕ್ಷಾರವನ್ನು ಕಡ ತರುತ್ತದೆ, ಅದರೊಂದಿಗೆ ಸುಣ್ಣದ ಅಂಶವೂ ಕರಗಿ ಮೂತ್ರಕ್ಕೆ ಬರುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು, ಕಲ್ಲುಗಟ್ಟದಂತೆ ತಡೆಯುವ ಸಿಟ್ರೇಟ್ ಕಡಿಮೆ, ಪಿಎಚ್ ಮಾತ್ರ ಇಳಿಯದು. ಈ ಮೂರೂ ಸೇರಿದಾಗ ಕ್ಯಾಲ್ಸಿಯಂ ಫಾಸ್ಫೇಟ್ ಕಿಡ್ನಿಯ ಒಡಲಲ್ಲೇ ಕೂತುಬಿಡುತ್ತದೆ. ಸ್ಕ್ಯಾನಿಂಗಿನಲ್ಲಿ ಬಿಳಿಬಿಳಿಯಾಗಿ ಹೊಳೆಯುವ ಇದನ್ನೇ ನೆಫ್ರೋಕ್ಯಾಲ್ಸಿನೋಸಿಸ್ ಎನ್ನುತ್ತಾರೆ. ಜೊತೆಗೆ ಪೊಟ್ಯಾಸಿಯಂ ಸೋರಿಹೋಗುತ್ತದೆ. ನಮ್ಮ ಮಗುವಿನದು ಪುಸ್ತಕದಲ್ಲಿ ಬರೆದಂತೆಯೇ ಇದ್ದ ಚಿತ್ರ: ತೂಕ ಏರದು, ಪದೇ ಪದೇ ವಾಂತಿ, ರಾತ್ರಿಯೆಲ್ಲ ನೀರು ಬೇಡುವುದು, ರಕ್ತದಲ್ಲಿ ಬೈಕಾರ್ಬೊನೇಟ್ 12, ಪೊಟ್ಯಾಸಿಯಂ 2.6 (ಎರಡೂ ಇರಬೇಕಾದ್ದಕ್ಕಿಂತ ಬಹಳ ಕಡಿಮೆ), ರಕ್ತ ಇಷ್ಟು ಆಮ್ಲವಾಗಿದ್ದರೂ ಮೂತ್ರದ ಪಿಎಚ್ ಮಾತ್ರ 7.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕಾಯಿಲೆ ಇದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಿದ್ದು ಈ ಸಂಖ್ಯೆಗಳೇ ಹೊರತು ಜೀನ್ ಪರೀಕ್ಷೆಯಲ್ಲ. ರಕ್ತದ ಅನಿಲ, ಎಲೆಕ್ಟ್ರೋಲೈಟ್, ಮೂತ್ರದ ಪಿಎಚ್, ಹೊಟ್ಟೆಯ ಸ್ಕ್ಯಾನಿಂಗ್ ಇವೆಲ್ಲ ಜಿಲ್ಲಾ ಕೇಂದ್ರದ ಸಾಮಾನ್ಯ ಆಸ್ಪತ್ರೆಯಲ್ಲೂ ಆಗುವಂಥವು, ಖರ್ಚೂ ಕಡಿಮೆ. ಔಷಧಿ ಶುರುವಾದದ್ದೂ ಅವುಗಳ ಆಧಾರದ ಮೇಲೆಯೇ. ಜೀನ್ ವರದಿ ಬರುವ ಹೊತ್ತಿಗೆ ಮಗು ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಕುಡಿದು ತೂಕ ಹಿಡಿಯತೊಡಗಿತ್ತು. ವರದಿ ಬರುವ ತನಕ ಔಷಧಿ ಬೇಡ ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬಾರದು. ಕಾಯುವಷ್ಟು ದಿನವೂ ಎಲುಬು ಸವೆಯುತ್ತದೆ, ಕಿಡ್ನಿಯಲ್ಲಿ ಸುಣ್ಣ ಕೂರುತ್ತದೆ.

ಹಾಗಿದ್ದರೆ ಪರೀಕ್ಷೆ ಏಕೆ? ನಾನೂ ಇದೇ ಪ್ರಶ್ನೆಯನ್ನು ವೈದ್ಯರಿಗೆ ಕೇಳಿದ್ದೆ. ಅವರು ಕಿವಿಯ ಕಡೆ ಬೆರಳು ಮಾಡಿದರು.

ಫಿಯೋನಾ ಕ್ಯಾರೆಟ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಸಂಶೋಧನೆಯು ಕಿವುಡುತನದೊಂದಿಗೆ ಬರುವ ಡಿಸ್ಟಲ್ ಆರ್‌ಟಿಎಗೆ ಎಟಿಪಿ6ವಿ1ಬಿ1 ಎಂಬ ಜೀನಿನ ದೋಷ ಕಾರಣವೆಂದು ತೋರಿಸಿತು. ಎರಡನೆಯ ವರ್ಣತಂತುವಿನಲ್ಲಿರುವ ಈ ಜೀನು ಪಂಪಿನ ವಿ1 ಭಾಗದ ಬಿ1 ಎಂಬ ಬಿಡಿಭಾಗಕ್ಕೆ ನಕ್ಷೆ ಒದಗಿಸುತ್ತದೆ. ಆ ಪ್ರೋಟೀನಿನಲ್ಲಿ 513 ಅಮೈನೋ ಆಮ್ಲಗಳಿವೆ. ಮರುವರ್ಷವೇ, ಅಂದರೆ 2000ದಲ್ಲಿ, ಏಳನೆಯ ವರ್ಣತಂತುವಿನ ಎಟಿಪಿ6ವಿ0ಎ4 ಎಂಬ ಇನ್ನೊಂದು ಜೀನು ಪತ್ತೆಯಾಯಿತು. ಅದು ಪೊರೆಯೊಳಗಿನ ವಿ0 ಭಾಗದ ಎ4 ಎಂಬ ಬಿಡಿಭಾಗದ್ದು. ಇಂಥ ಪಂಪು ದೇಹದ ಎಲ್ಲ ಕೋಶಗಳಲ್ಲೂ ಇರುವಾಗ ಒಂದು ಬಿಡಿಭಾಗ ಕೆಟ್ಟರೆ ಜೀವವೇ ಉಳಿಯಬಾರದಲ್ಲವೇ ಎಂದು ಯಾರಿಗಾದರೂ ಅನಿಸುವುದು ಸಹಜ. ಬಹುತೇಕ ಅಂಗಗಳು ಬಿ1ರ ಬದಲಿಗೆ ಅದರ ಸೋದರನಾದ ಬಿ2 ಎಂಬ ಬಿಡಿಭಾಗವನ್ನು ಬಳಸುತ್ತವೆ. ಬಿ1 ಮುಖ್ಯವಾಗಿ ಬೇಕಾಗುವುದು ಕಿಡ್ನಿ, ಒಳಗಿವಿಯಂಥ ಕೆಲವೇ ಕಡೆಗಳಲ್ಲಿ. ಹೀಗಾಗಿ ಬಿ1 ಕೆಟ್ಟ ಮಗುವಿನ ಮೆದುಳು, ಯಕೃತ್ತು, ಹೃದಯಗಳಿಗೆ ನೇರ ಹಾನಿ ಇಲ್ಲ. ಪೆಟ್ಟು ಬೀಳುವುದು ಕಿಡ್ನಿಗೆ ಮತ್ತು ಕಿವಿಗೆ.

ಕಿವಿಯ ವಿಷಯದಲ್ಲಿ ಕಹಿ ಸಂಗತಿಯೆಂದರೆ, ಸಿರಪ್ ಕುಡಿದು ರಕ್ತದ ಆಮ್ಲ ಸರಿಹೋದರೂ ಒಳಗಿವಿಯ ದ್ರವದ ಸಮತೋಲ ಸರಿಹೋಗುವುದಿಲ್ಲ. ಬಿ1 ದೋಷವಿರುವ ಮಕ್ಕಳಲ್ಲಿ ಕಿವುಡುತನ ಬಹುಮಟ್ಟಿಗೆ ಎಳವೆಯಲ್ಲೇ ಕಾಣಿಸುತ್ತದೆ. ಎ4 ದೋಷವಿರುವವರಿಗೆ ಕಿವಿ ಚೆನ್ನಾಗಿಯೇ ಇರುತ್ತದೆ ಎಂದು ಮೊದಲು ಭಾವಿಸಿದ್ದರು. 2002ರ ಹೊತ್ತಿಗೆ ಅವರಲ್ಲೂ ಕೆಲವರಿಗೆ ಮುಂದೆ ಶ್ರವಣ ಕುಗ್ಗುತ್ತದೆ ಎಂಬುದು ಗೊತ್ತಾಯಿತು. ಮೂರನೆಯ ಮುಖ್ಯ ಜೀನು ಎಸ್‌ಎಲ್‌ಸಿ4ಎ1, ಪಂಪಿನದಲ್ಲ, ಅದೇ ಕೋಶದ ಇನ್ನೊಂದು ಮಗ್ಗುಲಲ್ಲಿ ಬೈಕಾರ್ಬೊನೇಟನ್ನು ರಕ್ತಕ್ಕೆ ದಾಟಿಸುವ ಪ್ರೋಟೀನಿನದು. ಅದು ಕೆಟ್ಟಾಗ ಕಿವಿಗೆ ತೊಂದರೆಯಿಲ್ಲ, ಕೆಂಪು ರಕ್ತಕಣಗಳಿಗೆ ಆಗಬಹುದು. ಆದ್ದರಿಂದ ಯಾವ ಜೀನು ಎಂದು ಗೊತ್ತಾದರೆ ಮಗುವಿನ ಯಾವ ಅಂಗವನ್ನು ಎಷ್ಟು ಸಲ ಪರೀಕ್ಷಿಸುತ್ತಿರಬೇಕು ಎಂಬುದು ಗೊತ್ತಾಗುತ್ತದೆ. ಔಷಧಿ ಬದಲಾಗದಿದ್ದರೂ ಕಾವಲು ಬದಲಾಗುತ್ತದೆ. ಈ ಸೇವೆಯನ್ನು ಅಳೆಯಬೇಕಾದ ಕೋಲು ನನ್ನ ದೃಷ್ಟಿಯಲ್ಲಿ ಇದೇ.

ಈಗ ಸೇವೆಗೆ ಬರೋಣ. ರಕ್ತ ತೆಗೆಯುವ ಕೆಲಸದಲ್ಲಿ ದೂರುವಂಥದ್ದು ಏನೂ ಇರಲಿಲ್ಲ. ಮನೆಗೇ ಬಂದ ಹುಡುಗ ಎಳೆಮಕ್ಕಳ ನರ ಹುಡುಕುವುದರಲ್ಲಿ ನುರಿತವನಾಗಿದ್ದ, ಒಂದೇ ಚುಚ್ಚಿಗೆ ನೇರಳೆ ಮುಚ್ಚಳದ ಟ್ಯೂಬಿಗೆ ಬೇಕಾದಷ್ಟು ರಕ್ತ ತೆಗೆದುಕೊಂಡ, ಟ್ಯೂಬಿನ ಮೇಲಿನ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ತಂಗಿಯಿಂದಲೇ ಓದಿಸಿ ಖಚಿತಪಡಿಸಿಕೊಂಡ. ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷಿನಲ್ಲಿತ್ತು, ಕನ್ನಡದ ಪ್ರತಿ ಇಲ್ಲ ಎಂದರು. ಹುಡುಕುತ್ತಿರುವ ಕಾಯಿಲೆಗೆ ಸಂಬಂಧವಿಲ್ಲದ ಬೇರೆ ಕಾಯಿಲೆಯ ಸುಳಿವು ಆಕಸ್ಮಿಕವಾಗಿ ಸಿಕ್ಕರೆ ನಿಮಗೆ ತಿಳಿಸಬೇಕೇ ಬೇಡವೇ ಎಂಬ ಗಂಭೀರ ಪ್ರಶ್ನೆ ಆ ಪತ್ರದ ಕೊನೆಯ ಪುಟದಲ್ಲಿ, ಗುರುತು ಹಾಕುವ ಎರಡು ಚೌಕಗಳ ರೂಪದಲ್ಲಿತ್ತು. ‘ಇಲ್ಲಿ ಸೈನ್ ಮಾಡಿ ಮೇಡಂ’ ಎಂದಷ್ಟೇ ಹೇಳಿ ಮುಗಿಸಬಹುದಾದ ಪುಟವಲ್ಲ ಅದು. ಬೆಂಗಳೂರಿನಲ್ಲೇ ಕುಳಿತು ಕರ್ನಾಟಕದ ಮನೆಗಳಿಂದ ರಕ್ತ ತರಿಸಿಕೊಳ್ಳುವ ಸಂಸ್ಥೆಗೆ ಎರಡು ಪುಟ ಕನ್ನಡ ಅಚ್ಚು ಹಾಕಿಸುವುದು ಭಾರವಾಗಬಾರದು.

ನಿಜವಾದ ತೊಡಕು ಇನ್ನೊಂದು ಹಾಳೆಯಲ್ಲಿತ್ತು. ಮಾದರಿಯೊಂದಿಗೆ ಹೋಗುವ ಕೋರಿಕೆ ನಮೂನೆಯಲ್ಲಿ ರೋಗಲಕ್ಷಣಗಳನ್ನು ಬರೆಯಲು ಒಂದು ಬೆರಳಗಲದ ಜಾಗವಿದೆ. ಅಲ್ಲಿ ‘ಬೆಳವಣಿಗೆ ಕುಂಠಿತ, ಆರ್‌ಟಿಎ ಶಂಕೆ’ ಎಂದಷ್ಟೇ ಬರೆದು ಕಳಿಸಲಾಗಿತ್ತು. ಇದರಿಂದೇನು ನಷ್ಟ ಎಂದು ಅನಿಸಬಹುದು, ಯಂತ್ರ ಡಿಎನ್‌ಎಯ ಅಕ್ಷರಗಳನ್ನು ಓದುತ್ತದೆಯೇ ಹೊರತು ನಮೂನೆಯನ್ನಲ್ಲವಲ್ಲ. ಆದರೆ ಒಬ್ಬ ವ್ಯಕ್ತಿಯ ಎಕ್ಸೋಮ್, ಅಂದರೆ ಪ್ರೋಟೀನುಗಳಿಗೆ ನಕ್ಷೆ ಒದಗಿಸುವ ಡಿಎನ್‌ಎ ಭಾಗಗಳನ್ನೆಲ್ಲ ಓದಿದಾಗ ಸಾವಿರಾರು ವ್ಯತ್ಯಾಸಗಳು ಕಾಣುತ್ತವೆ, ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಯಾವುದು ಕಾಯಿಲೆಗೆ ಕಾರಣ ಎಂದು ಆರಿಸುವವರು ಮನುಷ್ಯರು, ಆ ಆಯ್ಕೆಗೆ ಅವರು ಆಧರಿಸುವುದು ಮಗುವಿನ ಲಕ್ಷಣಗಳನ್ನೇ.

ಹೇಳಿದ ಗಡುವು ಮೀರಿ, ಎರಡು ಸಲ ಫೋನ್ ಮಾಡಿಸಿಕೊಂಡು ಬಂದ ವರದಿ ಹೀಗಿತ್ತು: ಎಟಿಪಿ6ವಿ1ಬಿ1 ಜೀನಿನಲ್ಲಿ ಒಂದು ಅಕ್ಷರ ಬದಲಾಗಿ ಒಂದು ಅಮೈನೋ ಆಮ್ಲದ ಜಾಗಕ್ಕೆ ಇನ್ನೊಂದು ಬಂದಿದೆ, ಅದು ಹೋಮೋಜೈಗಸ್, ಅಂದರೆ ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡರಲ್ಲೂ ಅದೇ ಬದಲಾವಣೆ, ವರ್ಗ, ‘ಅರ್ಥ ಅನಿಶ್ಚಿತ’. ಅಮೆರಿಕದ ವೈದ್ಯಕೀಯ ತಳಿಶಾಸ್ತ್ರ ಸಂಸ್ಥೆ 2015ರಲ್ಲಿ ರೂಪಿಸಿದ ನಿಯಮಾವಳಿಯಂತೆ ಪ್ರಯೋಗಾಲಯಗಳು ಇಂಥ ಬದಲಾವಣೆಗಳನ್ನು ಐದು ವರ್ಗಗಳಲ್ಲಿ ಹಾಕುತ್ತವೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನ ಈ ವರ್ಗದಲ್ಲಿ ಸಿಕ್ಕಿಬಿದ್ದ ವರದಿಯನ್ನು ಹಿಡಿದು ಯಾವ ತೀರ್ಮಾನವನ್ನೂ ಮಾಡುವಂತಿಲ್ಲ; ಮುಂದಿನ ಮಗುವಿನ ವಿಷಯದಲ್ಲಂತೂ ಖಂಡಿತ ಇಲ್ಲ. ಇಷ್ಟು ಹಣ ತೆತ್ತು ‘ಗೊತ್ತಿಲ್ಲ’ ಎಂಬ ಉತ್ತರ ಪಡೆದೆವಲ್ಲ ಎಂದು ತಂಗಿಯ ಗಂಡ ಸಿಡಿಮಿಡಿಗೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ಹೊತ್ತಿಗೆ ಮಗುವಿಗೆ ಬೇರಾ ಪರೀಕ್ಷೆ ಆಗಿತ್ತು. ನಿದ್ದೆ ಮಾಡುತ್ತಿರುವ ಮಗುವಿನ ತಲೆಗೆ ತಂತಿ ಅಂಟಿಸಿ, ಕಿವಿಗೆ ಶಬ್ದ ಕೊಟ್ಟು, ನರದ ಪ್ರತಿಕ್ರಿಯೆಯನ್ನು ಅಳೆಯುವ ಆ ಪರೀಕ್ಷೆಯಲ್ಲಿ ಎರಡೂ ಕಿವಿಗಳಲ್ಲಿ ಗಣನೀಯ ಶ್ರವಣದೋಷ ಕಂಡಿತ್ತು. ಹೆಸರು ಹಿಡಿದು ಕೂಗಿದರೆ ತಿರುಗದಿದ್ದುದನ್ನು ಮನೆಯವರೆಲ್ಲ ನಿಶ್ಶಕ್ತಿ ಎಂದೇ ತಿಳಿದಿದ್ದರು. ಬೇರಾ ವರದಿ, ಮೂತ್ರದ ಪಿಎಚ್, ಪೊಟ್ಯಾಸಿಯಂ, ಸ್ಕ್ಯಾನಿಂಗ್ ಚಿತ್ರ ಇವೆಲ್ಲವನ್ನೂ ಸೇರಿಸಿ ವೈದ್ಯರು ಪ್ರಯೋಗಾಲಯಕ್ಕೆ ಮತ್ತೊಮ್ಮೆ ಬರೆದರು, ತಂದೆತಾಯಿಯ ರಕ್ತವನ್ನೂ ಕಳಿಸಿದರು. ಇಬ್ಬರಲ್ಲೂ ಆ ಒಂದೇ ಜಾಗವನ್ನು ಸ್ಯಾಂಗರ್ ವಿಧಾನದಲ್ಲಿ ಓದಿದಾಗ ತಲಾ ಒಂದು ಪ್ರತಿಯಲ್ಲಿ ಬದಲಾವಣೆ ಸಿಕ್ಕಿತು. ಪರಿಷ್ಕೃತ ವರದಿಯಲ್ಲಿ ವರ್ಗ ಒಂದು ಮೆಟ್ಟಿಲು ಮೇಲೇರಿ ‘ಬಹುಶಃ ರೋಗಕಾರಕ’ವಾಯಿತು. ಮರುವಿಶ್ಲೇಷಣೆಗೆ ಶುಲ್ಕ ಕೇಳಲಿಲ್ಲ, ಅದು ಮೆಚ್ಚಬೇಕಾದ ಮಾತು. ತಂದೆತಾಯಿಯ ಪರೀಕ್ಷೆಗೆ ಮಾತ್ರ ಬೇರೆ ಬಿಲ್ಲು ಬಂತು. ಮೊದಲ ದಿನವೇ ಮೂವರ ರಕ್ತವನ್ನೂ ಒಟ್ಟಿಗೆ ಕಳಿಸುವ ಆಯ್ಕೆ ಇದೆ ಎಂಬುದನ್ನು ಅವರ ದರಪಟ್ಟಿಯಲ್ಲಿ ನಾನು ನೋಡಿದ್ದು ಆಮೇಲೆ.

ವರದಿಯಲ್ಲಿ ನನಗೆ ಅಸಮಾಧಾನ ಉಳಿದದ್ದು ಎರಡು ವಿಷಯಗಳಲ್ಲಿ. ಈ ಬದಲಾವಣೆ ಎಷ್ಟು ಅಪರೂಪ ಎಂಬುದನ್ನು ತೋರಿಸಲು ಜಗತ್ತಿನ ದೊಡ್ಡ ದತ್ತಸಂಚಯಗಳನ್ನು ಉಲ್ಲೇಖಿಸಿದ್ದರು. ಅವುಗಳಲ್ಲಿ ಯುರೋಪ್ ಮೂಲದವರದೇ ಸಿಂಹಪಾಲು. ನಮ್ಮ ಜನರಲ್ಲಿ ಸಾಮಾನ್ಯವಾಗಿರುವ ಬದಲಾವಣೆಯೂ ಅಲ್ಲಿ ಅಪರೂಪವಾಗಿ ಕಾಣಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯು 10,000 ಭಾರತೀಯರ ಜೀನೋಮ್ ಓದಿಸುವ ಗುರಿ ಹೊತ್ತು ಆ ಕೆಲಸವನ್ನು ಮುಗಿಸಿದೆ. ಅಂಥ ದೇಶೀಯ ಮಾಹಿತಿಯೊಂದಿಗೆ ಹೋಲಿಸಿದರೋ ಇಲ್ಲವೋ ಎಂಬ ಒಂದು ಸಾಲು ವರದಿಯಲ್ಲಿ ಇರಬೇಕಿತ್ತು. ಎರಡನೆಯದು, ಎಕ್ಸೋಮ್ ಪರೀಕ್ಷೆ ಒಂದೆರಡು ಅಕ್ಷರಗಳ ಬದಲಾವಣೆಯನ್ನು ಚೆನ್ನಾಗಿ ಹಿಡಿಯುತ್ತದೆ, ಜೀನಿನ ದೊಡ್ಡ ತುಂಡೇ ಅಳಿಸಿಹೋಗಿದ್ದರೆ ಅದನ್ನು ತಪ್ಪಿಸಿಕೊಳ್ಳಬಹುದು. ಎಟಿಪಿ6ವಿ0ಎ4 ಜೀನಿನಲ್ಲಿ ಅಂಥ ಅಳಿಕೆಗಳು ವರದಿಯಾಗಿವೆ. ತುಂಡು ಅಳಿಕೆಗಳನ್ನು ಹುಡುಕುವ ವಿಶ್ಲೇಷಣೆ ನಮ್ಮ ಪ್ಯಾಕೇಜಿನಲ್ಲಿ ಸೇರಿತ್ತೇ ಎಂಬ ಪ್ರಶ್ನೆಗೆ ಪ್ರಯೋಗಾಲಯದ ಮುಂಗಟ್ಟೆಯ (ಸ್ವಾಗತ ಕೌಂಟರಿನ) ಸಿಬ್ಬಂದಿಗೆ ಉತ್ತರ ಗೊತ್ತಿರಲಿಲ್ಲ. ಕೊನೆಗೆ ಇಮೇಲ್‌ನಲ್ಲಿ ಸೇರಿದೆ ಎಂದು ಬಂತು. ನಮ್ಮ ಮಗುವಿನ ಮಟ್ಟಿಗೆ ಅದು ಬೇಕಾಗಲಿಲ್ಲ. ಏನೂ ಸಿಗಲಿಲ್ಲ ಎಂಬ ವರದಿ ಹಿಡಿದು ನಿಂತವರಿಗೆ ಇದು ಬಹಳ ಮುಖ್ಯವಾದ ಪ್ರಶ್ನೆ.

ಕೌನ್ಸೆಲಿಂಗ್ ಬಗ್ಗೆ ನನಗೆ ಇದ್ದ ನಿರೀಕ್ಷೆ ಕಡಿಮೆ. ಸಿಕ್ಕದ್ದು ಅದಕ್ಕಿಂತ ಬಹಳ ಹೆಚ್ಚು. ವೀಡಿಯೊ ಕರೆಯಲ್ಲಿ ಬಂದ ಕೌನ್ಸೆಲರ್ ಕನ್ನಡದವರೇ, ಧಾರವಾಡದ ಕಡೆಯ ಮಾತು. ನನ್ನ ತಂಗಿಗೆ ಮದುವೆಯಾಗಿರುವುದು ನಮ್ಮ ಸೋದರತ್ತೆಯ ಮಗನೊಂದಿಗೆ. ಕಾಯಿಲೆ ಗೊತ್ತಾದಾಗಿನಿಂದ ಅತ್ತೆ ‘ನಮ್ಮ ಕಡೆ ಇಂಥದ್ದು ಯಾರಿಗೂ ಇರಲಿಲ್ಲ’ ಎನ್ನುತ್ತಲೇ ಇದ್ದರು. ಅವರ ಕಡೆ, ನಮ್ಮ ಕಡೆ ಎರಡೂ ಒಂದೇ ಅಜ್ಜನ ಮನೆ ಎಂಬುದನ್ನು ಅವರಿಗೆ ನೆನಪಿಸುವ ಧೈರ್ಯ ನಮಗಿರಲಿಲ್ಲ. ಕೌನ್ಸೆಲರ್ ಕಾಗದದ ಮೇಲೆ ವಂಶವೃಕ್ಷ ಬರೆದು, ಕ್ಯಾಮೆರಾಕ್ಕೆ ಹಿಡಿದು, ‘ಅಮ್ಮಾ, ಇದು ನಿಮ್ಮ ಸೊಸೆಯಿಂದ ಬಂದದ್ದೂ ಅಲ್ಲ, ನಿಮ್ಮ ಮಗನಿಂದ ಬಂದದ್ದೂ ಅಲ್ಲ, ಇಬ್ಬರಿಂದಲೂ ಒಂದೊಂದು ಪಾಲು ಬಂದಿದೆ’ ಎಂದು ಹೇಳಿದ ರೀತಿಯಲ್ಲಿ ಯಾರ ಮೇಲೂ ದೋಷ ಬೀಳಲಿಲ್ಲ. ಒಂದೇ ಪ್ರತಿ ಕೆಟ್ಟವರು ವಾಹಕರು, ಇಂಥ ಇಬ್ಬರು ದಂಪತಿಯಾದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವ, ಮೊದಲ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ಸಂಭವ ಕಡಿಮೆಯಾಗುವುದಿಲ್ಲ ಎಂಬುದನ್ನು ಅವರು ಅವಸರವಿಲ್ಲದೆ ಬಿಡಿಸಿ ಹೇಳಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆಗಿರುವಂಥವು. ಇಂಥ ನಾಡಿನಲ್ಲಿ ಈ ಕೌನ್ಸೆಲಿಂಗ್ ವರದಿಗೆ ಅಂಟಿಸಿದ ಪುಕ್ಕಟೆ ಬಾಲವಾಗಿರಬಾರದು. ನನ್ನನ್ನು ಕೇಳಿದರೆ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸಾರ್ಥಕವಾದದ್ದು ಆ ಕರೆಯಲ್ಲೇ.

ಮುಂದಿನ ಮಗುವಿನ ಪ್ರಶ್ನೆಯನ್ನೂ ಅವರೇ ಎತ್ತಿದರು. ಕುಟುಂಬದ ಬದಲಾವಣೆ ಯಾವುದೆಂದು ಗೊತ್ತಿರುವುದರಿಂದ ಮುಂದೆ ಯಾರನ್ನೇ ಪರೀಕ್ಷಿಸುವುದಾದರೂ ಇಡೀ ಎಕ್ಸೋಮ್ ಬೇಡ, ಆ ಒಂದು ಜಾಗವನ್ನು ಓದಿದರೆ ಸಾಕು, ಖರ್ಚು ಹಲವು ಪಾಲು ಕಡಿಮೆ. ಗರ್ಭದಲ್ಲೇ ಪರೀಕ್ಷೆ ಮಾಡಿಸುವುದು ಕಾನೂನಿನ ಪ್ರಕಾರ ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ಸಾಧ್ಯವೆಂದೂ, ಚಿಕಿತ್ಸೆಯಿರುವ ಕಾಯಿಲೆಯಾದ್ದರಿಂದ ಮಾಡಿಸಬೇಕೇ ಬೇಡವೇ ಎಂಬುದು ದಂಪತಿಗೇ ಬಿಟ್ಟದ್ದೆಂದೂ ಹೇಳಿ, ಯಾವ ಕಡೆಗೂ ತಳ್ಳದೆ ಸುಮ್ಮನಾದರು. ಮೂರನೆಯ ದಾರಿ ನಮಗೆ ಹೊಳೆದಿರಲಿಲ್ಲ: ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪರೀಕ್ಷಿಸಿ, ಕಾಯಿಲೆಯಿದ್ದರೆ ವಾಂತಿ, ತೂಕನಷ್ಟ ಶುರುವಾಗುವ ಮೊದಲೇ ಸಿಟ್ರೇಟ್ ಕೊಡುವುದು, ಕಿವಿಯ ಪರೀಕ್ಷೆಯನ್ನೂ ಆ ದಿನಗಳಲ್ಲೇ ಮಾಡಿಸುವುದು. ಅಕ್ಕನಿಗೆ ಸಿಗದ ಆರಂಭ ತಮ್ಮನಿಗೋ ತಂಗಿಗೋ ಸಿಗಬಹುದು.

ವಾಹಕರಿಗೆ ಏನೂ ಆಗುವುದಿಲ್ಲವೇ ಎಂಬ ಪ್ರಶ್ನೆಗೆ ಮಾತ್ರ ಅವರ ಉತ್ತರ ತೀರ ಚಿಕ್ಕದಾಯಿತು. ಸಾಮಾನ್ಯವಾಗಿ ಏನೂ ಆಗುವುದಿಲ್ಲ ಎಂಬುದು ನಿಜ. ಆದರೆ ಮತ್ತೆ ಮತ್ತೆ ಕಿಡ್ನಿ ಕಲ್ಲು ಕಟ್ಟುವವರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇದೇ ಬಿ1 ಜೀನಿನ ಒಂದು ಬದಲಾವಣೆಯ ಒಂದೇ ಪ್ರತಿ ಹೊತ್ತವರಲ್ಲೂ ಮೂತ್ರವನ್ನು ಆಮ್ಲೀಯಗೊಳಿಸುವ ಶಕ್ತಿ ತುಸು ಕುಗ್ಗಿರುವುದನ್ನು ತೋರಿಸಿತ್ತು. ನಮ್ಮ ಅಜ್ಜನಿಗೆ ಕಲ್ಲಿನ ಬಾಧೆ ಇತ್ತು. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ, ಕುಟುಂಬದ ಚರಿತ್ರೆ ಬರೆದುಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳಬೇಕಿತ್ತು ಎನ್ನುತ್ತಿದ್ದೇನೆ.

ಔಷಧಿಯ ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ; ವರದಿ ಬಂದ ಮೇಲೂ ಸಿರಪ್ಪು ಅದೇ, ಲೆಕ್ಕವೂ ಅದೇ. ಅಂಗಡಿಯಲ್ಲಿ ಎಚ್ಚರವಾಗಿರಬೇಕಾದ ಒಂದು ಮಾತಿದೆ. ನಮಗೆ ಬರೆದುಕೊಟ್ಟದ್ದು 5 ಮಿಲಿಲೀಟರಿನಲ್ಲಿ 1100 ಮಿಲಿಗ್ರಾಂ ಪೊಟ್ಯಾಸಿಯಂ ಸಿಟ್ರೇಟ್ ಮತ್ತು 334 ಮಿಲಿಗ್ರಾಂ ಸಿಟ್ರಿಕ್ ಆಮ್ಲ ಇರುವ ಸಿರಪ್. ಅದರ ಪ್ರತಿ ಮಿಲಿಲೀಟರಿನಿಂದ 2 ಮಿಲಿಈಕ್ವಿವಲೆಂಟ್ ಕ್ಷಾರ ಸಿಗುತ್ತದೆ. ಉರಿಮೂತ್ರಕ್ಕೆ ಕೊಡುವ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಸಿರಪ್ ಕೂಡ ಅಂಥದೇ ಬಾಟಲಿಯಲ್ಲಿ ಬರುತ್ತದೆ, ಅಂಗಡಿಯವರು ‘ಎರಡೂ ಒಂದೇ’ ಎಂದು ಕೈಗಿಡುವುದುಂಟು. ಒಂದೇ ಅಲ್ಲ. ಅದರಲ್ಲಿ ಪೊಟ್ಯಾಸಿಯಂ ಇಲ್ಲ, ಅದರ ಸೋಡಿಯಂ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರಿಕೆಯನ್ನು ಹೆಚ್ಚಿಸಬಲ್ಲದು. ದಿನಕ್ಕೆ ಮೂರು ನಾಲ್ಕು ಸಲ, ಅದರಲ್ಲೂ ನಿದ್ದೆಗಣ್ಣಿನ ಮಗುವಿಗೆ ರಾತ್ರಿಯ ಪಾಳಿ ಕುಡಿಸುವುದು ಮನೆಮಂದಿಗೆಲ್ಲ ಶಿಕ್ಷೆ. ದಿನಕ್ಕೆ ಎರಡೇ ಸಲ ನುಂಗಿದರೆ ಸಾಕಾಗುವ, ನಿಧಾನವಾಗಿ ಕರಗುವ ಹರಳಿನ ರೂಪದ ಔಷಧಿಗೆ ಯುರೋಪಿನಲ್ಲಿ 2021ರಲ್ಲಿ ಅನುಮತಿ ಸಿಕ್ಕಿದೆ. ನಾವು ಕೇಳಿದ ಅಂಗಡಿಗಳಲ್ಲಿ ಅದು ಇರಲಿಲ್ಲ. 29 ದೇಶಗಳ 340 ರೋಗಿಗಳ ಮಾಹಿತಿ ಕೂಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತದ ಆಮ್ಲ ಸರಿಯಾದ ಹತೋಟಿಯಲ್ಲಿದ್ದವರು ಅರ್ಧದಷ್ಟು ಮಂದಿ ಮಾತ್ರ. ಹತೋಟಿ ಚೆನ್ನಾಗಿದ್ದ ಮಕ್ಕಳು ಎತ್ತರವಾಗಿಯೂ ಬೆಳೆದಿದ್ದರು. ದೊಡ್ಡವರಾದವರಲ್ಲಿ ಹತ್ತಕ್ಕೆ ಎಂಟು ಮಂದಿಯ ಕಿಡ್ನಿ ಶಕ್ತಿ ಒಂದಿಷ್ಟಾದರೂ ಕುಗ್ಗಿತ್ತು. ಜೀನಿನ ಹೆಸರು ಗೊತ್ತಾಯಿತೆಂದು ರಾತ್ರಿಯ ಪಾಳಿಯನ್ನು ತಪ್ಪಿಸುವಂತಿಲ್ಲ.

ಇನ್ನು ಕಿವಿ. ವರದಿಯಲ್ಲಿ ಬಿ1 ಎಂದು ಬಂದ ಮೇಲೆ ವೈದ್ಯರು ಶ್ರವಣದ ವಿಷಯವನ್ನು ಆಮೇಲೆ ನೋಡೋಣ ಎಂಬ ಪಟ್ಟಿಯಿಂದ ಈಗಲೇ ಎಂಬ ಪಟ್ಟಿಗೆ ತಂದರು. ಒಳಗಿವಿಯ ಒಂದು ಕಾಲುವೆ ಅಗಲವಾಗಿರುವುದು ಈ ಮಕ್ಕಳಲ್ಲಿ ಕಾಣುವ ಸಂಗತಿಯಾದ್ದರಿಂದ ಅದರ ಸ್ಕ್ಯಾನಿಂಗ್ ಆಯಿತು; ಹಾಗಿರುವವರು ತಲೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು ಎಂಬ ಎಚ್ಚರಿಕೆಯೂ ಸಿಕ್ಕಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ, ಶ್ರವಣಯಂತ್ರ ಹಾಕಿಸಿ, ಮಾತಿನ ತರಬೇತಿ ಶುರುವಾಯಿತು. ಮಾತು ಕಲಿಯುವ ವಯಸ್ಸು ಬೇಗ ಜಾರುತ್ತದೆ. ವರದಿ ಇನ್ನೊಂದು ವರ್ಷ ತಡವಾಗಿ ಬಂದಿದ್ದರೆ ಅದರ ಬೆಲೆ ಇಷ್ಟಿರುತ್ತಿರಲಿಲ್ಲ.

ಅಂಕ ಕೊಡಲೇಬೇಕೆಂದರೆ, ಮಾದರಿ ಸಂಗ್ರಹಕ್ಕೆ 5ಕ್ಕೆ 5, ವರದಿಗೆ 3, ಮುಂಗಟ್ಟೆಯ ಉತ್ತರಗಳಿಗೆ 2, ಕೌನ್ಸೆಲಿಂಗಿಗೆ ಮತ್ತೆ 5. ಈ ಪರೀಕ್ಷೆ ಎಲ್ಲರಿಗೂ ತುರ್ತಲ್ಲ. ಮಗು ಚಿಕ್ಕದು, ಕಿವಿಯ ಬಗ್ಗೆ ಅನುಮಾನವಿದೆ, ಹೆತ್ತವರು ಸಂಬಂಧಿಕರು ಅಥವಾ ಇನ್ನೊಂದು ಮಗು ಬೇಕೆಂದಿದ್ದಾರೆ ಎಂದಾದರೆ ಸಾಲವಲ್ಲದ ಹಣದಲ್ಲಿ ಮಾಡಿಸುವುದು ಒಳ್ಳೆಯದು. ನಡುವಯಸ್ಸಿನವರಿಗೆ ಸಂಧಿವಾತದ ಬಗೆಯ ಕಾಯಿಲೆಯೊಂದಿಗೆ ಬಂದ ಆರ್‌ಟಿಎಗೆ ಇದರಿಂದ ಪ್ರಯೋಜನವಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ. ಕೈಯಲ್ಲಿ ಹಣ ಬಿಗಿಯಿದ್ದರೆ ಮೊದಲು ಸಿರಪ್ಪು, ತಿಂಗಳ ರಕ್ತಪರೀಕ್ಷೆ ಮತ್ತು ಬೇರಾ, ಎಕ್ಸೋಮ್ ಆಮೇಲೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆಗಳಲ್ಲಿ ಸಲಹೆ ಪಡೆದು ಮುಂದುವರಿಯುವ ದಾರಿಯೂ ಇದೆ.

ಮಾಡಿಸುವವರು ಕೋರಿಕೆ ನಮೂನೆಗೆ ಮಗುವಿನ ಬೈಕಾರ್ಬೊನೇಟ್, ಪೊಟ್ಯಾಸಿಯಂ, ಮೂತ್ರದ ಪಿಎಚ್, ಸ್ಕ್ಯಾನಿಂಗ್ ಮತ್ತು ಶ್ರವಣ ಪರೀಕ್ಷೆಯ ಪ್ರತಿಗಳನ್ನು ಪಿನ್ ಮಾಡಿ ಕಳಿಸಬೇಕು, ಬೆರಳಗಲದ ಜಾಗವನ್ನು ನಂಬಬಾರದು. ಕಚ್ಚಾ ದತ್ತಾಂಶದ ಕಡತವನ್ನು ಕೇಳಿ ಪಡೆಯಬೇಕು. ಈ ಕಾಯಿಲೆಗೆ ಫಾಕ್ಸ್‌ಐ1 ಜೀನಿನ ನಂಟು, ಹಲ್ಲಿನ ಹೊಳಪುಪದರ ಕೆಡಿಸುವ ಡಬ್ಲ್ಯುಡಿಆರ್72 ಜೀನಿನ ನಂಟು ಹೊರಬಿದ್ದದ್ದು 2018ರಲ್ಲಿ. ಅದಕ್ಕೂ ಮೊದಲು ‘ಏನೂ ಸಿಗಲಿಲ್ಲ’ ಎಂಬ ಉತ್ತರ ಪಡೆದವರ ಹಳೆಯ ಕಡತವನ್ನು ಇಂದು ಮತ್ತೆ ಓದಿದರೆ ಉತ್ತರ ಸಿಗಬಹುದು, ಹೊಸದಾಗಿ ರಕ್ತ ತೆಗೆಯುವ ಅಗತ್ಯವೂ ಇಲ್ಲ. ನಮ್ಮ ಪ್ರಯೋಗಾಲಯ ಕಡತವನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತದೆ ಎಂದು ಬರಹದಲ್ಲಿ ಕೇಳಿದ್ದೆವು. ಅವರು ಉತ್ತರದ ಬದಲು ಕಡತವನ್ನೇ ಪೆನ್ ಡ್ರೈವಿನಲ್ಲಿ ಹಾಕಿ ಕೊರಿಯರ್ ಮಾಡಿದರು, ಅದಕ್ಕೆ ಹೆಚ್ಚಿನ ಹಣವನ್ನೂ ಕೇಳಲಿಲ್ಲ.